ಲೈಬ್ರರಿ ಪೀರಿಯಡ್‌ನ ಕೊನೆಯ ಹತ್ತು ನಿಮಿಷ

ಮೂರನೇ ಕ್ಲಾಸಿನ ಲೈಬ್ರರಿ ಪೀರಿಯಡ್ 40 ನಿಮಿಷ. ಮೊದಲು ಕತೆ, ಆಮೇಲೆ ಸಣ್ಣ ಪಾಠ, ಕೊನೆಗೆ ಪುಸ್ತಕ ಆರಿಸುವುದು ಅಂತ ಪ್ಲಾನ್ ಮಾಡಿದ್ದೆ. ಆದರೆ ಕೊನೆಯ ಹತ್ತು ನಿಮಿಷ ಪ್ರತಿ ವಾರವೂ ಸಂತೆ. ಎಲ್ಲರೂ ಒಂದೇ ಕಪಾಟಿಗೆ ಮುಗಿಬೀಳುತ್ತಿದ್ದರು. ಬೆಲ್ ಹೊಡೆದ ಮೇಲೂ ನನ್ನ ಮೇಜಿನ ಮುಂದೆ ಸಾಲು.

ತಪ್ಪು ಮಕ್ಕಳದ್ದು ಅಂದುಕೊಂಡಿದ್ದೆ. ಅಲ್ಲ, ನಾನು ಮಾಡಿದ್ದ ಕ್ರಮದ್ದು. ಈಗ ಉಲ್ಟಾ ಮಾಡಿದ್ದೇನೆ. ಬಂದ ಕೂಡಲೇ ಐದೈದು ಮಕ್ಕಳು ಪುಸ್ತಕ ಆರಿಸುತ್ತಾರೆ, ಉಳಿದವರಿಗೆ ಅಷ್ಟರಲ್ಲಿ ಪಾಠ. ಕತೆ ಕೊನೆಗೆ. ಕತೆ ಬಾಕಿಯಿದೆ ಅಂತ ಗೊತ್ತಿದ್ದರೆ ಬೇಗ ಬಂದು ಕೂರುತ್ತಾರೆ, ಅಲ್ವಾ?

ಇನ್ನೊಂದು ತಲೆನೋವು, ತೆಗೆದ ಪುಸ್ತಕವನ್ನು ಎಲ್ಲೋ ಸಿಕ್ಕಿಸುವುದು. ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ 590 ಪ್ರಾಣಿಗಳದ್ದು, 520 ಖಗೋಳದ್ದು. ನಮ್ಮಲ್ಲಿ ಹುಲಿ ಗ್ರಹಗಳ ನಡುವೆ ಸಿಗುತ್ತಿತ್ತು! ಹಳೇ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಸ್ಕೇಲಿನಷ್ಟು ಉದ್ದದ ಪಟ್ಟಿ ಮಾಡಿ ಒಬ್ಬೊಬ್ಬರಿಗೆ ಒಂದು ಕೊಟ್ಟೆ. ಪುಸ್ತಕ ಎಳೆಯುವ ಮುಂಚೆ ಆ ಜಾಗಕ್ಕೆ ಪಟ್ಟಿ ತೂರಿಸಬೇಕು. ಬೇಡ ಅನಿಸಿದರೆ ಅಲ್ಲೇ ವಾಪಸ್. ಮೊದಲ ವಾರ ಪಟ್ಟಿಗಳೆಲ್ಲ ಕತ್ತಿಗಳಾದವು, ಬಿಡಿ. ಎರಡನೇ ವಾರದಿಂದ ಕಪಾಟು ಜೋಡಿಸುವ ಕೆಲಸ ಅರ್ಧಕ್ಕಿಳಿಯಿತು.

ಪುಸ್ತಕ ಕಷ್ಟವೋ ಅಂತ ನೋಡಲು ಬೆರಳಿನ ಲೆಕ್ಕ ಕಲಿಸಿದೆ. ಒಂದು ಪುಟದಲ್ಲಿ ಗೊತ್ತಿಲ್ಲದ ಪದ ಬಂದಾಗಲೆಲ್ಲ ಒಂದು ಬೆರಳು. ಐದೂ ಎದ್ದರೆ ಒಬ್ಬರೇ ಓದಲು ಕಷ್ಟ. ಹಾಗಂತ ದಪ್ಪ ಡೈನೋಸಾರ್ ಪುಸ್ತಕಕ್ಕೆ ಹಟ ಹಿಡಿದವರಿಗೆ ನಾನು ಬೇಡ ಅನ್ನುವುದಿಲ್ಲ. ಸುಮ್ನೆ ಚಿತ್ರ ನೋಡಲಿ.

ಹೋದ ವಾರ ಬೆಲ್ ಹೊಡೆದಾಗ ಕತೆಯ ಎರಡು ಪುಟ ಉಳಿದಿತ್ತು. ಅದನ್ನಿನ್ನೂ ಸರಿಮಾಡಬೇಕು.