ತೂಕ ಇಳಿಸ್ಲಿಕ್ಕೆ ಅನ್ನ ಬಿಡ್ಬೇಕಾ? ನಮ್ಮ ಕಡೆಯ ಹೊಟ್ಟೆ ತುಂಬುವ ಮಧ್ಯಾಹ್ನದ ಊಟ

ನನ್ನ ಸಣ್ಣ ಸೊಸೆ ಮೊನ್ನೆ ಬೆಂಗಳೂರಿಂದ ಕರಾವಳಿಯ ನಮ್ಮ ಊರಿಗೆ ಬಂದವಳು ಮಧ್ಯಾಹ್ನ ಬಟ್ಟಲಿಗೆ ಬರೀ ಮುಳ್ಳುಸೌತೆ ಹೆಚ್ಚಿಕೊಂಡು ಕೂತ್ಲು. ಎಂತ ಮಗಾ ಇದು ಅಂತ ಕೇಳಿದ್ರೆ "ಅತ್ತೆ, ನಾನು ಅನ್ನ ಬಿಟ್ಟಿದ್ದೇನೆ, ತೂಕ ಇಳಿಸ್ಬೇಕು" ಅಂದ್ಲು. ಆಯ್ತು ಅಂತ ನಾನೂ ಸುಮ್ನಾದೆ. ಸಂಜೆ ನಾಲ್ಕು ಗಂಟೆಗೆ ಚಾಕ್ಕೆ ನೀರಿಡ್ಲಿಕ್ಕೆ ಒಳಗೆ ಹೋಗಿ ನೋಡ್ತೇನೆ, ಬೆಳಿಗ್ಗೆ ಕಾಯಿಸಿಟ್ಟ ಬನ್ಸಿನ ಡಬ್ಬದಲ್ಲಿ ಐದಿದ್ದದ್ದು ಒಂದೇ ಉಳಿದಿದೆ. ಪಾಪ, ಅವಳಿಗೆ ಬೈಲಿಕ್ಕೆ ನಂಗೆ ಬಾಯಿಲ್ಲ, ಯಾಕಂದ್ರೆ ನಲ್ವತ್ತೈದು ದಾಟಿದ ಮೇಲೆ ಸೀರೆಯ ನೆರಿಗೆ ನಿಲ್ಲದ ಹಾಗೆ ಹೊಟ್ಟೆ ಬಂದಾಗ ನಾನು ಮಾಡಿದ್ದೂ ಇದನ್ನೇ, ಮಧ್ಯಾಹ್ನ ಒಂದು ಲೋಟ ಮಜ್ಜಿಗೆ ಕುಡಿದು ದೊಡ್ಡ ತಪಸ್ಸು ಮಾಡಿದವಳ ಹಾಗೆ ಇರುದು, ಸಂಜೆ ಬಿಸಿ ಗೋಳಿಬಜೆ ಬಂದ್ರೆ ಎಣಿಸದೆ ತಿನ್ನುದು, ತಿಂಗಳು ಕಳೆದು ತೂಕ ನೋಡಿದ್ರೆ ಒಂದು ಕಿಲೋ ಹೆಚ್ಚೇ ಆಗಿತ್ತು ಮಾರಾಯ್ರೆ.

ಆಮೇಲೆ ನಂಗೆ ಅಂದಾಜಾದದ್ದು ಎಂತ ಅಂದ್ರೆ, ಮಧ್ಯಾಹ್ನದ ಊಟ ಸರಿ ಆಯ್ತಾ ಇಲ್ವಾ ಅಂತ ನೋಡ್ಬೇಕಾದದ್ದು ಉಣ್ಣುವಾಗ ಅಲ್ಲ, ನಾಲ್ಕು ಗಂಟೆಗೆ. ಆಗ ಕೈ ತನ್ನಷ್ಟಕ್ಕೆ ಡಬ್ಬಕ್ಕೆ ಹೋಗ್ತದೆ ಅಂತಾದ್ರೆ ಊಟದಲ್ಲಿ ಎಂತದೋ ಕಮ್ಮಿ ಬಿದ್ದಿದೆ ಅಂತ ಲೆಕ್ಕ. ಹೆಚ್ಚಾಗಿ ಕಮ್ಮಿ ಬೀಳುದು ಕಾಳು, ಮೀನು, ಮೊಟ್ಟೆ ಅಂದ್ರೆ ಈ ಪ್ರೋಟೀನ್ ಅಂತ ಹೇಳ್ತಾರಲ್ಲ ಅದು, ಮತ್ತೆ ಸೊಪ್ಪು ತರಕಾರಿಯ ನಾರು. ಇವೆರಡು ಇದ್ರೆ ಹೊಟ್ಟೆ ಬೇಗ ಖಾಲಿ ಆಗುದಿಲ್ಲ.

ಮೊದಲು ಅನ್ನದ ವಿಷಯ ಮುಗಿಸುವ, ಎಲ್ಲರೂ ಕೇಳುದು ಅದನ್ನೇ. ಬಿಡುದು ಬೇಡ, ಅಳತೆ ಮಾಡಿ. ಬೆಳ್ತಿಗೆ ಅಂದ್ರೆ ಬಿಳಿ ಅಕ್ಕಿಯಾಗ್ಲಿ, ಕುಚ್ಚಲಕ್ಕಿಯಾಗ್ಲಿ 100 ಗ್ರಾಂ ಅಕ್ಕಿಯಲ್ಲಿ ಹೆಚ್ಚುಕಮ್ಮಿ 350 ಕ್ಯಾಲೊರಿ ಉಂಟು, ಹಾಗಾಗಿ "ನಾವು ಕುಚ್ಚಲಕ್ಕಿ ಉಣ್ಣುದು, ನಮಗೆ ಏನೂ ಆಗುದಿಲ್ಲ" ಅಂತ ಬಟ್ಟಲು ತುಂಬ ಬಡಿಸಿಕೊಳ್ಳುವವರಿಗೆ ಆಗುದೆಲ್ಲ ಆಗ್ತದೆ. ಕುಚ್ಚಲಕ್ಕಿಯ ಒಳ್ಳೆಯ ಗುಣ ಬೇರೆ. ಭತ್ತವನ್ನೇ ನೆನೆಸಿ ಬೇಯಿಸಿ ಒಣಗಿಸಿ ಆಮೇಲೆ ಮಿಲ್ಲಿಗೆ ಹಾಕುದರಿಂದ ಹೊರಗಿನ ತವುಡಿನಲ್ಲಿದ್ದ ಬಿ ವಿಟಮಿನ್ ಸ್ವಲ್ಪ ಕಾಳಿನ ಒಳಗೇ ಇಳೀತದೆ, ಅದರಲ್ಲೂ ಪಾಲಿಶ್ ಮಾಡದ ಕೆಂಪು ಕುಚ್ಚಲಕ್ಕಿ ಆದ್ರೆ ನಾರೂ ಉಂಟು, ಅಗಿದು ತಿನ್ಲಿಕ್ಕೆ ಹೊತ್ತು ಬೇಕು, ಹಾಗಾಗಿ ಕಮ್ಮಿ ಅನ್ನಕ್ಕೇ ಸಾಕು ಅನ್ನಿಸ್ತದೆ. ನಮ್ಮ ಮನೆಯಲ್ಲಿ ಈಗ ಒಬ್ಬರಿಗೆ ಒಂದು ಹೊತ್ತಿಗೆ ಕುಡ್ತೆ ಅಂದ್ರೆ ನಮ್ಮ ಅಕ್ಕಿ ಅಳೆಯುವ ಪಾತ್ರೆಯ ಮೂರನೇ ಒಂದು ಪಾಲು ಅಕ್ಕಿ, ಅಂದ್ರೆ 55 ಗ್ರಾಂ ಆಸುಪಾಸು. ಒಲೆಗೆ ಹಾಕುವಾಗ್ಲೇ ಅಳತೆ ಮಾಡಿ ಹಾಕಿದ್ರೆ ಮತ್ತೆ ಬಟ್ಟಲ ಎದುರು ಕೂತು ಮನಸ್ಸಿನೊಟ್ಟಿಗೆ ಜಗಳ ಇಲ್ಲ. ಪಾತ್ರೆಯಲ್ಲಿ ಅನ್ನ ಉಳಿದಿದ್ದರೆ "ಚೂರು ಹಾಕ್ಲಾ" ಅಂತ ಕೇಳುವವರು ಎಲ್ಲ ಮನೆಯಲ್ಲೂ ಇರ್ತಾರೆ, ನಮ್ಮಲ್ಲಿ ಅದು ನಾನೇ.

ಗಂಜಿ ಉಂಟಲ್ಲ, ತೆಳಿ ಅಂದ್ರೆ ಅಕ್ಕಿ ಬೆಂದ ನೀರು ಚೆಲ್ಲದೆ ಅದೇ ಅಳತೆಯ ಅಕ್ಕಿಯನ್ನು ಗಂಜಿ ಮಾಡಿದ್ರೆ ದೊಡ್ಡ ಬಟ್ಟಲು ತುಂಬ್ತದೆ, ನೀರಿನಿಂದಲೇ ಹೊಟ್ಟೆ ಭರ್ತಿ ಅನ್ನಿಸ್ತದೆ, ಸೆಖೆಯ ದಿನಕ್ಕೆ ಅದರಷ್ಟು ಹಿತ ಮತ್ತೊಂದಿಲ್ಲ. ಆದ್ರೆ ಗಂಜಿಗೆ ಬರೀ ಉಪ್ಪಿನಕಾಯಿ ನೆಂಚಿಕೊಂಡು ಎದ್ದರೆ ಎರಡು ಗಂಟೆಯಲ್ಲಿ ಹಸಿವು ವಾಪಸ್ ಬರ್ತದೆ, ನಂಗೆ ಎಷ್ಟೋ ಸಲ ಆಗಿದೆ. ಗಂಜಿಯೊಟ್ಟಿಗೆ ಒಂದು ದೊಡ್ಡ ಸೌಟು ಹೆಸರುಕಾಳಿನ ಪಲ್ಯ ಬೇಕೇ ಬೇಕು, ಇಲ್ಲಾಂದ್ರೆ ಹುರುಳಿ.

ಹುರುಳಿ ಅಂದ ಕೂಡ್ಲೆ ಮೂಗು ಮುರಿಯುವವರು ಇದ್ದಾರೆ, ಬಡವರ ಕಾಳು ಅಂತ. ಕಂಬಳದ ಕೋಣಗಳಿಗೆ ಹುರುಳಿ ಬೇಯಿಸಿ ಹಾಕುದು ಸುಮ್ನೆಯಾ? ನೂರು ಗ್ರಾಂ ಹುರುಳಿಯಲ್ಲಿ 22 ಗ್ರಾಂ ಹತ್ತಿರ ಪ್ರೋಟೀನ್ ಉಂಟು, ಹೆಸರುಕಾಳಿನಲ್ಲೂ ಅಷ್ಟೇ. ರಾತ್ರಿ ನೆನೆಸಿ ಇಡಿ, ಬೆಳಿಗ್ಗೆ ಕುಕ್ಕರಿನಲ್ಲಿ ಆರೇಳು ಸೀಟಿ ಹೊಡೆಸಿ, ನೆನೆಸದೆ ಹಾಕಿದ್ರೆ ಬೇಯುದೇ ಇಲ್ಲ, ಬೆಂದರೂ ಗ್ಯಾಸು. ಬೆಂದ ಕಟ್ಟನ್ನು ಬಸಿದು ಜೀರಿಗೆ, ಕಾಳುಮೆಣಸು, ಬೆಳ್ಳುಳ್ಳಿ ಗುದ್ದಿ ಹಾಕಿ ಸಾರು ಮಾಡಿ, ನಾವು ಕುಡುತ ಸಾರು ಅಂತ ಹೇಳುದು, ಕಾಯಿ ಬೇಡ, ಎಣ್ಣೆ ಒಗ್ಗರಣೆಗೆ ಒಂದು ಸಣ್ಣ ಚಮಚ ಸಾಕು. ಕಾಳನ್ನು ಚೆಲ್ಲಬೇಡಿ! ಅದನ್ನು ಈರುಳ್ಳಿ ಹಾಕಿ ಬಾಡಿಸಿ ಪಲ್ಯ, ಒಂದು ಹಿಡಿ ಕಾಯಿತುರಿ ಇಡೀ ಮನೆಗೆ. ಒಂದೇ ಕುಕ್ಕರಿನಲ್ಲಿ ಸಾರೂ ಆಯ್ತು ಪಲ್ಯವೂ ಆಯ್ತು, ಕೆಲಸಕ್ಕೆ ಹೋಗುವ ಹುಡುಗಿಯರಿಗೆ ಇದಕ್ಕಿಂತ ಸುಲಭ ಯಾವುದುಂಟು ಹೇಳಿ.

ಈಗ ಕಾಯಿಯ ಮಾತು, ಇದಕ್ಕೆ ನನ್ನ ಮೇಲೆ ಸಿಟ್ಟು ಬಂದ್ರೂ ಬರ್ಲಿ. ನಮ್ಮ ಕಡೆ ಕಾಯಿ ಇಲ್ಲದೆ ಅಡಿಗೆ ಅಂದ್ರೆ ಮನೆಯಲ್ಲಿ ಸೂತಕವಾ ಅಂತ ಕೇಳುವ ಹಾಗೆ. ನಾನೂ ಕಾಯಿ ಕೆಟ್ಟದ್ದು ಅಂತ ಹೇಳುವವಳಲ್ಲ, ಆದ್ರೆ 100 ಗ್ರಾಂ ಹಸಿ ಕಾಯಿತುರಿಯಲ್ಲಿ 350 ಕ್ಯಾಲೊರಿಗೆ ಕಮ್ಮಿ ಇಲ್ಲ, ಹೆಚ್ಚಿನದ್ದು ಕೊಬ್ಬಿನದ್ದೇ, ಅಂದ್ರೆ ಅಷ್ಟೇ ತೂಕದ ಅಕ್ಕಿಯ ಲೆಕ್ಕಕ್ಕೆ ಬಂತು. ಸಾಂಬಾರಿಗೆ ಕಡೆದ ಕಾಯಿ, ಪಲ್ಯಕ್ಕೆ ಉದುರಿಸಿದ ಕಾಯಿ, ಚಟ್ನಿಗೆ ಕಾಯಿ, ಮೇಲಿಂದ ತೆಂಗಿನೆಣ್ಣೆ ಒಗ್ಗರಣೆ, ಒಂದು ದೊಡ್ಡ ಚಮಚ ಎಣ್ಣೆ ಅಂದ್ರೇ 120 ಕ್ಯಾಲೊರಿ. ಇಷ್ಟನ್ನೆಲ್ಲ ಬಿಟ್ಟು ಅನ್ನಕ್ಕೆ ಮಾತ್ರ ಬೈದರೆ ಅನ್ನ ಎಂತ ಮಾಡ್ತದೆ ಪಾಪ. ನಾನು ಮಾಡಿದ್ದು ಇಷ್ಟೇ, ಒಂದು ಊಟದಲ್ಲಿ ಒಂದೇ ಪದಾರ್ಥಕ್ಕೆ ಕಾಯಿ. ಪಲ್ಯಕ್ಕೆ ಕಾಯಿ ಹಾಕಿದ ದಿನ ಬೋಳು ಹುಳಿ, ಸಾಂಬಾರಿಗೆ ಕಡೆದ ದಿನ ಪಲ್ಯ ಬೋಳು. ಬೋಳು ಹುಳಿ ಹೊಸತಾಗಿ ಕಂಡುಹಿಡಿದದ್ದಲ್ಲ, ನಮ್ಮ ಹಿರಿಯರದ್ದೇ, ಇಂಗಿನ ಒಗ್ಗರಣೆ ಸರಿಯಾಗಿ ಬಿದ್ದರೆ ಕಾಯಿ ಇಲ್ಲ ಅಂತ ಯಾರಿಗೂ ಗೊತ್ತಾಗುದಿಲ್ಲ. ಅದಕ್ಕೆ ಮಟ್ಟುಗುಳ್ಳ ಅಂದ್ರೆ ಮಟ್ಟು ಊರಿನ ಗುಂಡು ಬದನೆ ಸಿಕ್ಕಿದ್ರೆ ಕೇಳುದೇ ಬೇಡ. ಕಟಪಾಡಿ ಹತ್ತಿರದ ಮಟ್ಟುವಿನ ಗುಳ್ಳಕ್ಕೆ 2011ರಲ್ಲಿ ಜಿಐ, ಅಂದ್ರೆ ಇದು ಆ ಊರಿನದ್ದೇ ಬೆಳೆ ಅಂತ ಗುರುತಿಸುವ ಮಾನ್ಯತೆ ಸಿಕ್ಕಿದ ಮೇಲೆ ಬೇರೆ ಊರಿನ ಗುಳ್ಳವನ್ನೂ ಮಟ್ಟುವಿನದ್ದು ಅಂತ ಮಾರುವವರಿದ್ದಾರೆ, ಗುರ್ತದವರ ಹತ್ರ ತಗೊಳ್ಳಿ. ಗುಳ್ಳವನ್ನು ಸುಟ್ಟು ಸಿಪ್ಪೆ ತೆಗೆದು ಹಸಿಮೆಣಸು, ಹುಳಿ ಹಾಕಿ ಕಿವುಚಿ ಗೊಜ್ಜು ಮಾಡಿದ್ರೆ ಎಣ್ಣೆ ಚೂರೇ ಚೂರು ಹಿಡೀತದೆ. ಅದೇ ಗುಳ್ಳದ ಪೋಡಿ ಅಂದ್ರೆ ಬಜ್ಜಿ ಕಾಯಿಸಿದ್ರೆ ಮಾತ್ರ ಎಣ್ಣೆ ಕುಡೀತದೆ ನೋಡಿ, ಕುಡುಕನ ಹಾಗೆ.

ತರಕಾರಿಗೆ ಲೆಕ್ಕ ಬೇಡ, ಬಟ್ಟಲಿನ ಅರ್ಧ ಅದೇ ಇರ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಹೇಳುದೂ ಹಾಗೆಯೇ, ದಿನಕ್ಕೆ 400 ಗ್ರಾಂ ತರಕಾರಿ ಬೇಕು ಅಂತ. ಅಷ್ಟು ತಿನ್ನುವವರು ನಮ್ಮಲ್ಲಿ ಯಾರಿದ್ದಾರೆ? ಪಲ್ಯವನ್ನು ನಾವು ಉಪ್ಪಿನಕಾಯಿಯ ಹಾಗೆ ಬಟ್ಟಲ ಬದಿಯಲ್ಲಿ ಒಂದು ಚಮಚ ಹಾಕಿಕೊಳ್ಳುದು. ಅದನ್ನು ಉಲ್ಟಾ ಮಾಡಿ, ಮೊದಲು ಪಲ್ಯ ಮತ್ತೆ ಕಾಳು ಅರ್ಧ ಹೊಟ್ಟೆ ತಿನ್ನಿ, ಆಮೇಲೆ ಅನ್ನಕ್ಕೆ ಕೈ ಹಾಕಿ. ಸಕ್ಕರೆ ಕಾಯಿಲೆಯವರಿಗೂ ಈ ಕ್ರಮ ಒಳ್ಳೇದು, ಊಟ ಆದ ಮೇಲೆ ರಕ್ತದ ಸಕ್ಕರೆ ಒಮ್ಮೆಲೇ ಏರುದು ಕಮ್ಮಿ ಆಗ್ತದೆ. ನಮ್ಮವರು ಸುರುವಿಗೆ "ಎಂತದಿದು, ಪಲ್ಯ ತಿಂದು ಅನ್ನ ಉಣ್ಣುದಾ" ಅಂತ ಗೊಣಗ್ತಿದ್ದರು, ಈಗ ಅವರೇ ಪಲ್ಯದ ಪಾತ್ರೆ ಹತ್ರ ಎಳ್ಕೊಳ್ತಾರೆ. ಬಾಳೆದಿಂಡು ವಾರಕ್ಕೊಮ್ಮೆ ಮಾಡಿ, ಬಿಲ್ಲೆ ಕೊಯ್ಯುವಾಗ ನೂಲನ್ನು ಬೆರಳಿಗೆ ಸುತ್ತಿ ಸುತ್ತಿ ತೆಗೀಬೇಕು, ಸಣ್ಣ ಹೆಚ್ಚಿ ಮಜ್ಜಿಗೆ ನೀರಿಗೆ ಹಾಕಿಡಿ ಕಪ್ಪಾಗುದಿಲ್ಲ, ನೆನೆಸಿದ ಹೆಸರುಬೇಳೆ ಸೇರಿಸಿ ಕೋಸಂಬರಿ ಮಾಡಿದ್ರೆ ಒಲೆಯೇ ಬೇಡ. ಬಸಳೆಗೆ ಅಲಸಂಡೆ ಬೀಜ ಹಾಕಿ ಬೇಯಿಸಿದ್ರೆ ಸೊಪ್ಪೂ ಕಾಳೂ ಒಟ್ಟಿಗೆ ಹೋಯ್ತು ಹೊಟ್ಟೆಗೆ. ಆಟಿ ಅಂದ್ರೆ ಮಳೆಗಾಲದ ತಿಂಗಳಲ್ಲಿ ತಗತೆ ಸೊಪ್ಪು ಪುಕ್ಕಟೆ ಸಿಗ್ತದೆ, ಹರಿವೆ ವರ್ಷ ಇಡೀ ಉಂಟು, ತಿಮರೆ ಅಂದ್ರೆ ಒಂದೆಲಗದ ತಂಬುಳಿಗೆ ಎರಡು ಚಮಚ ಕಾಯಿ ಹಾಕಿದ್ರೆ ನಾಲ್ಕು ಜನಕ್ಕಾಗ್ತದೆ.

ಮೀನು ತಿನ್ನುವವರು ಪುಣ್ಯವಂತರು. ಬಂಗುಡೆ, ಬೂತಾಯಿ ಎರಡೂ ಕಮ್ಮಿ ಕ್ರಯದ್ದು, 100 ಗ್ರಾಂ ಮಾಂಸದಲ್ಲಿ 19–20 ಗ್ರಾಂ ಪ್ರೋಟೀನ್, ಮತ್ತೆ ಹೃದಯಕ್ಕೆ ಒಳ್ಳೇದು ಅಂತ ಕ್ಯಾಪ್ಸೂಲ್ ಮಾಡಿ ಮಾರುವ ಒಮೆಗಾ ಎಣ್ಣೆ ಅದರಲ್ಲೇ ಉಂಟು. ಎರಡು ಬಂಗುಡೆ ತಿಂದವರಿಗೆ ಸಂಜೆ ತನಕ ಹಸಿವಿನ ನೆನಪಾಗುದಿಲ್ಲ. ಆದ್ರೆ ರವಾ ಫ್ರೈ ಬೇಡ, ರವೆ ಮತ್ತೆ ಎಣ್ಣೆ ಎರಡೂ ಸೇರ್ತದೆ. ಪುಳಿಮುಂಚಿ ಅಂದ್ರೆ ಹುಳಿ ಮೆಣಸಿನ ಗಸಿ ಮಾಡಿ, ಅದಕ್ಕೆ ಕಾಯಿ ಇಲ್ಲ, ಇಲ್ಲಾಂದ್ರೆ ಮಸಾಲೆ ಹಚ್ಚಿ ಬಾಡಿಸಿದ ಬಾಳೆಎಲೆಯಲ್ಲಿ ಕಟ್ಟಿ ಕಾವಲಿಯಲ್ಲಿ ಮುಚ್ಚಿಟ್ಟು ಬೇಯಿಸಿ, ಒಂದು ಚಮಚ ಎಣ್ಣೆಯಲ್ಲಿ ಮುಗೀತದೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಬೋಟು ಕಡಲಿಗೆ ಇಳಿಯುದಿಲ್ಲ, ಮೀನಿಗೆ ಕ್ರಯ ಆಕಾಶಕ್ಕೆ, ಆಗ ಒಣಮೀನಿನ ಡಬ್ಬ ತೆರೆಯುದು ಎಲ್ಲರ ಅಭ್ಯಾಸ. ಒಂದು ತುಂಡು ತಿನ್ನಿ ಸಾಕು, ಅದರ ಉಪ್ಪು ಸಾಮಾನ್ಯದ್ದಲ್ಲ, ದಿನಕ್ಕೆ 5 ಗ್ರಾಂ ಒಳಗೆ ಉಪ್ಪು ಇರ್ಬೇಕು ಅಂತಾರೆ. ಆ ಎರಡು ತಿಂಗಳು ಮೊಟ್ಟೆ ಬೇಯಿಸಿ ಹಾಕಿ, ಒಂದರಲ್ಲಿ ಆರು ಗ್ರಾಂ ಪ್ರೋಟೀನ್ ಉಂಟು. ಆದಿತ್ಯವಾರ ಕೋರಿ ರೊಟ್ಟಿ ಬೇಡ ಅಂತ ಹೇಳುವಷ್ಟು ಕಲ್ಲು ಮನಸ್ಸು ನನ್ನದಲ್ಲ, ಎರಡು ರೊಟ್ಟಿ ಮುರಿದು ಹಾಕಿ ಕೋಳಿ ತುಂಡು ಜಾಸ್ತಿ ಹಾಕಿಕೊಳ್ಳಿ, ಗಸಿಯಲ್ಲಿ ರೊಟ್ಟಿ ಮುಳುಗಿಸಿ ಈಜಾಡಬೇಡಿ.

ಬಾಕಿ ಸಣ್ಣಪುಟ್ಟದ್ದು. ಹಪ್ಪಳ ಎಣ್ಣೆಯಲ್ಲಿ ಕಾಯಿಸದೆ ಸುಟ್ಟು ತಿನ್ನಿ. ಮಜ್ಜಿಗೆ ಒಂದು ಲೋಟ ಮೊಸರಿಗೆ ಮೂರು ಲೋಟ ನೀರು, ಶುಂಠಿ ಕರಿಬೇವು ಗುದ್ದಿ ಹಾಕಿ, ಊಟದ ಕೊನೆಗೆ ಅನ್ನ ಕಲಸದೆ ಹಾಗೇ ಕುಡೀರಿ, ಮಜ್ಜಿಗೆ ಅನ್ನಕ್ಕೆ ಅಂತ ಇನ್ನೊಂದು ಸೌಟು ಅನ್ನ ಹಾಕಿಕೊಳ್ಳುದೇ ನಮ್ಮ ಊರಿನ ದೊಡ್ಡ ಮೋಸ. ಮದುವೆ, ಕೋಲ, ಮಠದ ಊಟ ಸಿಕ್ಕಿದ ದಿನ ಪಾಯಸ ಬಿಟ್ಟು ಮುಖ ಸಪ್ಪೆ ಮಾಡಿ ಕೂರ್ಬೇಡಿ, ಉಂಡು ಬನ್ನಿ, ರಾತ್ರಿ ಗಂಜಿ ತೆಳಿ ಮಾಡಿ.

ವಾರಕ್ಕೆ ಅರ್ಧ ಕಿಲೋ ಇಳಿದ್ರೆ ಧಾರಾಳ ಆಯ್ತು, ಹತ್ತು ದಿನದಲ್ಲಿ ಐದು ಕಿಲೋ ಅಂತ ಹೇಳುವವರ ಪುಡಿ ಪೊಟ್ಟಣ ತಗೊಳ್ಬೇಡಿ. ತೂಕಕ್ಕಿಂತ ಸೊಂಟದ ಟೇಪು ನೋಡಿ, ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಬಾರ್ದು ಅಂತ ನಮ್ಮ ದೇಶದವರಿಗೆ ಲೆಕ್ಕ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಒಮ್ಮೆಲೇ ಅನ್ನ ಕಮ್ಮಿ ಮಾಡ್ಲಿಕ್ಕೆ ಹೋಗ್ಬೇಡಿ, ಸಕ್ಕರೆ ಇಳಿದು ತಲೆ ತಿರುಗ್ತದೆ, ಡಾಕ್ಟ್ರ ಹತ್ರ ಕೇಳಿ ಮಾಡಿ. ಕಿಡ್ನಿ ತೊಂದರೆ ಇದ್ದವರೂ ಕಾಳು ಮೀನು ಜಾಸ್ತಿ ಮಾಡುವ ಮೊದ್ಲು ಕೇಳ್ಬೇಕು. ಬಸುರಿ ಬಾಣಂತಿಯರಿಗೆ ಈ ಪಂಚಾತಿಕೆಯೇ ಬೇಡ.

ಸೊಸೆ ಇದ್ದ ನಾಲ್ಕು ದಿನ ನಾನು ಹೇಳಿದ ಹಾಗೆ ಉಂಡ್ಲು. ಮೂರನೇ ದಿನ ಸಂಜೆ ಚಾಕ್ಕೆ ಕರೆದ್ರೆ "ಬರೀ ಚಾ ಸಾಕು ಅತ್ತೆ" ಅಂದ್ಲು, ನಾನು ಬಾಯಿ ಬಿಟ್ಟು ಎಂತದೂ ಹೇಳ್ಲಿಲ್ಲ. ಆಫೀಸಿನ ಬುತ್ತಿಗೆ ಗಂಜಿ ಆಗುದಿಲ್ಲ ಅಂತ ಅವಳ ಚಿಂತೆ, ಅದಕ್ಕೆ ದೊಡ್ಡ ಡಬ್ಬದಲ್ಲಿ ಪಲ್ಯ ಮತ್ತೆ ಕಾಳು, ಸಣ್ಣದರಲ್ಲಿ ಅನ್ನ ಹಾಕು ಅಂತ ಹೇಳಿದೆ, ಎಲ್ಲರೂ ಇದನ್ನು ತಿರುಗಿಸಿ ಹಾಕುದು. ಹೋಗುವಾಗ ಎರಡು ಕಿಲೋ ಹುರುಳಿ, ಐದು ಕಿಲೋ ಕುಚ್ಚಲಕ್ಕಿ ಕಟ್ಟಿಕೊಟ್ಟೆ. ಬಸಳೆ ಎಲೆ ಬಸ್ಸಿನಲ್ಲಿ ಬಾಡ್ತದೆ, ಹಾಗಾಗಿ ಬಲಿತ ದಂಟನ್ನೇ ಗೇಣುದ್ದ ಕೊಯ್ದು ಒದ್ದೆ ಬಟ್ಟೆ ಸುತ್ತಿ ಕೊಟ್ಟಿದ್ದೇನೆ, ಬಾಲ್ಕನಿಯ ಕುಂಡದಲ್ಲಿ ಎರಡು ಗಂಟು ಮಣ್ಣೊಳಗೆ ಹೋಗುವ ಹಾಗೆ ನೆಟ್ಟರೆ ಸಾಕು, ಚಿಗುರ್ತದೆ.