ಒತ್ತಕ್ಷರಕ್ಕೆ ಅಂಜದ ಮೊದಲ ಪುಸ್ತಕ

ಧಾರವಾಡ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಕೊಠಡಿ, ಅಂದರೆ ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಟ್ಟಿಗೇ ಕುಳಿತು ಕಲಿಯುವ ಕೊಠಡಿ, ನನ್ನ ಪಾಲಿಗೆ ಬಂದ ವರ್ಷವೇ ಓದುವ ಮೂಲೆಗೆ ಪುಸ್ತಕ ಕೊಳ್ಳಲು ಸ್ವಲ್ಪ ಹಣವೂ ಕೈಗೆ ಬಂತು. ಹೊದಿಕೆಯ ಮೇಲೆ ‘ಒಂದನೆಯ ತರಗತಿಗೆ’ ಎಂದು ಅಚ್ಚಾಗಿದ್ದ, ಪುಟಕ್ಕೊಂದೇ ಸಾಲು ಇದ್ದ ಮೂವತ್ತು ಪುಸ್ತಕಗಳನ್ನು ನಾನು ಒಂದೇ ಮಧ್ಯಾಹ್ನ ಆರಿಸಿ ತಂದೆ. ಮಕ್ಕಳು ಚಿತ್ರ ನೋಡಿದರು, ಪುಟ ತಿರುವಿದರು, ಆದರೆ ಓದಲಿಲ್ಲ. ತಿಂಗಳಾದ ಮೇಲೆ ಅವನ್ನು ಒಂದೊಂದಾಗಿ ಬಿಚ್ಚಿ ಕುಳಿತಾಗ ಕಾರಣ ತಿಳಿಯಿತು. ಒಂದರಲ್ಲಿ ಮೊದಲ ಪುಟದ ಸಾಲು ‘ಪ್ರಜ್ವಲಿಸುತ್ತಿದ್ದ ಸೂರ್ಯ’ ಎಂದಿತ್ತು. ಎಣಿಸಿದರೆ ಎರಡೇ ಪದ, ಆದರೆ ಅವುಗಳಲ್ಲಿ ಐದು ಒತ್ತಕ್ಷರಗಳು, ಕೊನೆಯದು ಅರ್ಕಾವತ್ತು. ‘ರ್’ ಎಂಬ ಸದ್ದು ಮೊದಲು ಬಂದರೂ ಅದರ ಗುರುತನ್ನು ‘ಯ’ದ ಆಚೆಗೆ ಬರೆಯುತ್ತೇವೆ, ಆರು ವರ್ಷದ ಮಗು ಎಡದಿಂದ ಬಲಕ್ಕೆ ಬೆರಳಿಟ್ಟು ಓದುತ್ತ ಬಂದು ಅಲ್ಲಿ ನಿಂತುಬಿಟ್ಟರೆ ಅದು ಮಗುವಿನ ತಪ್ಪಲ್ಲ.

ಅಂದಿನಿಂದ ನಾನು ಪದಗಳನ್ನು ಎಣಿಸುವುದನ್ನು ಬಿಟ್ಟು ಅಕ್ಷರಗಳನ್ನು ನೋಡತೊಡಗಿದೆ. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ಉಚಿತ ಜಾಲತಾಣದಿಂದ ನನಗೆ ಬಹಳ ಉಪಕಾರವಾಗಿದೆ, ಅಲ್ಲಿನ ಕನ್ನಡ ಕಥೆಗಳನ್ನು ಮುದ್ರಿಸಿಕೊಂಡು ಎಷ್ಟೋ ಸಲ ತರಗತಿಗೆ ಒಯ್ದಿದ್ದೇನೆ. ಅಲ್ಲಿ ಕಥೆಗಳಿಗೆ ನಾಲ್ಕು ಹಂತಗಳಿವೆ, ಮೊದಲ ಹಂತದ ಕಥೆ ಸುಲಭ ಪದಗಳಲ್ಲಿ 250 ಪದಗಳೊಳಗೆ ಮುಗಿಯಬೇಕು. ಆದರೆ ಪದಗಳ ಎಣಿಕೆ ಕನ್ನಡಕ್ಕೆ ಸರಿಯಾದ ಅಳತೆಗೋಲಾಗದು, ಏಕೆಂದರೆ ಇಂಗ್ಲಿಷಿಗೆ ನಾಲ್ಕಾರು ಪದ ಬೇಕಾಗುವ ಮಾತನ್ನು ನಮ್ಮ ಭಾಷೆ ‘ಹೋಗಲಾರದವನು’ ಎಂಬ ಒಂದೇ ಪದದಲ್ಲಿ ಹೇಳಿ ಮುಗಿಸುತ್ತದೆ. ವರ್ಣಮಾಲೆಯ 49 ಅಕ್ಷರಗಳನ್ನು ಕಲಿತ ಮಗುವಿಗೆ ಮುಂದೆ ಕಾಗುಣಿತವಿದೆ. 34 ವ್ಯಂಜನಗಳಿಗೆ ಸ್ವರಗಳನ್ನು ಸೇರಿಸಿದರೆ ಆಕಾರಗಳ ಸಂಖ್ಯೆ ನಾಲ್ಕುನೂರು ದಾಟುತ್ತದೆ, ಒತ್ತುಗಳು ಬೇರೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಅಕ್ಷರಗಳ ಈ ಕಲಿಕೆ ಮೊದಲ ಒಂದೆರಡು ತರಗತಿಗಳಲ್ಲಿ ಮುಗಿಯುವಂಥದ್ದಲ್ಲ ಎಂದು ತೋರಿಸಿತು. ಅದನ್ನು ತಿಳಿದ ಮೇಲೆ ಮಕ್ಕಳ ಮೇಲೆ ನಾನು ಹಾಕುತ್ತಿದ್ದ ಅವಸರ ಎಷ್ಟೋ ಕಡಿಮೆಯಾಯಿತು.

ಹಾಗಾದರೆ ಒತ್ತಿಲ್ಲದ ಪುಸ್ತಕಗಳನ್ನೇ ಹುಡುಕೋಣ ಎಂದುಕೊಂಡೆ; ಇದು ನನ್ನ ಎರಡನೆಯ ತಪ್ಪು. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊಳೆತ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ, ‘ರ ಗ ಸ ದ ಅ’ ಎಂದು ಆರಂಭವಾಗುತ್ತವೆ. ಈ ಐದರಿಂದಲೇ ಸರ, ಅಗಸ, ಅರಸ, ದಸರ, ಗರಗಸ ಎಂದು ಓದಬಹುದು, ಮೊದಲ ವಾರಗಳಲ್ಲೇ ಓದಿದ ಸಂತೋಷ ಸಿಗುತ್ತದೆ. ಆದರೆ ಅದೇ ದಾರಿಯಲ್ಲಿ, ಕಾಗುಣಿತವೂ ಒತ್ತೂ ಇಲ್ಲದೆ, ಇಡೀ ಕಥೆ ಬರೆಯಹೊರಟ ಪುಸ್ತಕಗಳಲ್ಲಿ ಆನೆ ಹೋಗಿ ‘ಗಜ’ ಬರುತ್ತದೆ, ಹಕ್ಕಿ ಹೋಗಿ ‘ಖಗ’ ಬರುತ್ತದೆ. ಮಗು ಅಕ್ಷರ ಕೂಡಿಸಿ ‘ಖಗ’ ಎಂದು ಸರಿಯಾಗಿಯೇ ಓದಿ, ಏನು ಓದಿದೆನೆಂದು ತಿಳಿಯದೆ ನನ್ನ ಮುಖ ನೋಡುತ್ತದೆ. ಮಗುವಿನ ಅತ್ಯಂತ ಹತ್ತಿರದ ಮಾತುಗಳಲ್ಲೇ ಒತ್ತು ತುಂಬಿದೆ: ಅಮ್ಮ, ಅಪ್ಪ, ಅಜ್ಜಿ, ಅಕ್ಕ, ಎಮ್ಮೆ, ಬೆಕ್ಕು, ರೊಟ್ಟಿ. ಇವನ್ನು ಹೊರಗಿಟ್ಟ ಮೇಲೆ ಕಥೆಯಲ್ಲಿ ಮನೆಯೇ ಉಳಿಯುವುದಿಲ್ಲ. ನನ್ನ ಅನುಭವದಲ್ಲಿ ಅದೇ ಅಕ್ಷರಕ್ಕೆ ಅದೇ ಒತ್ತು ಬರುವ ಸಜಾತೀಯ ಒತ್ತಕ್ಷರಗಳು, ಪದ ಗೊತ್ತಿದ್ದರೆ, ಮಗುವನ್ನು ಬಹಳ ಕಾಲ ತಡೆಯುವುದಿಲ್ಲ. ಅಂಜಬೇಕಾದದ್ದು ‘ಸ್ತ್ರ’, ‘ಕ್ಷ್ಮ’ದಂಥವುಗಳಿಗೆ.

ಆದ್ದರಿಂದ ಈಗ ಪುಸ್ತಕ ಕೈಗೆತ್ತಿಕೊಂಡಾಗ ಮೊದಲು ಕ್ರಿಯಾಪದಗಳನ್ನು ನೋಡುತ್ತೇನೆ. ‘ಓಡುತ್ತದೆ’ ಎಂದು ವರ್ತಮಾನದಲ್ಲಿ ಸಾಗುವ ಕಥೆಯ ಪ್ರತಿ ವಾಕ್ಯದಲ್ಲೂ ಒಂದು ಒತ್ತಕ್ಷರ ಕಾದಿರುತ್ತದೆ, ‘ಓಡಿತು, ನೋಡಿತು, ಹಾರಿತು’ ಎಂದು ಭೂತಕಾಲದಲ್ಲಿ ಹೇಳಿದ ಕಥೆ ಸಲೀಸಾಗಿ ಓದಿಸಿಕೊಳ್ಳುತ್ತದೆ. ಅಷ್ಟೇ ಮುಖ್ಯವಾದದ್ದು ಒಂದೇ ವಾಕ್ಯ ಸಣ್ಣ ಬದಲಾವಣೆಯೊಂದಿಗೆ ಪುಟದಿಂದ ಪುಟಕ್ಕೆ ಮರಳಿ ಬರುವುದು. ಮೊದಲ ಪುಟದಲ್ಲಿ ಕಷ್ಟಪಟ್ಟ ಪದ ಐದನೆಯ ಪುಟದಲ್ಲಿ ಹಳೆಯ ಗೆಳೆಯನಂತೆ ಸಿಕ್ಕಾಗ ಮಗುವಿನ ದನಿಯೇ ಬದಲಾಗುತ್ತದೆ. ಬಳಿಕ ಇಡೀ ಪುಸ್ತಕವನ್ನು ಗಟ್ಟಿಯಾಗಿ ಓದುತ್ತೇನೆ. ‘ಅದು ಒಂದು ಕೆಂಪು ಬಣ್ಣದ ಚೆಂಡು ಆಗಿತ್ತು’ ಎಂಬಂಥ ವಾಕ್ಯ ನಾಲಿಗೆಗೆ ತೊಡರಿದರೆ ಆ ಪುಸ್ತಕವನ್ನು ಅಲ್ಲಿಗೇ ಬಿಡುತ್ತೇನೆ, ಏಕೆಂದರೆ ‘ಚೆಂಡು ಕೆಂಪಗಿತ್ತು’ ಎನ್ನುವ ಮಗು ಮುಂದಿನ ಪದವನ್ನು ಊಹಿಸುತ್ತ ಓದುತ್ತದೆ, ಕನ್ನಡದ ಜಾಯಮಾನವಿಲ್ಲದ ವಾಕ್ಯ ಆ ಊಹೆಯನ್ನೇ ಕೆಡಿಸುತ್ತದೆ.

ಅಚ್ಚಿನ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಕನ್ನಡದಲ್ಲಿ ಒತ್ತು ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ತಲೆಯ ಮೇಲೆ ಏರುತ್ತದೆ. ಸಾಲುಗಳ ನಡುವೆ ಬಿಡುವು ಸಾಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಅಕ್ಷರಕ್ಕೆ ತಾಗುತ್ತದೆ. ತ, ನ, ಮ, ಯ, ರ, ಲ ಇವುಗಳ ಒತ್ತುಗಳು ಮೂಲ ಅಕ್ಷರವನ್ನು ಹೋಲುವುದೇ ಇಲ್ಲವಾದ್ದರಿಂದ ಅವು ಸ್ಪಷ್ಟವಾಗಿ, ದೊಡ್ಡದಾಗಿ ಕಾಣಲೇಬೇಕು. ಅಲಂಕಾರದ ಅಕ್ಷರಶೈಲಿಗಳಲ್ಲಿ ‘ವ’ಕ್ಕೂ ‘ಮ’ಕ್ಕೂ, ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಅಳಿಸಿಹೋಗುತ್ತದೆ. ಚಿತ್ರದ ಮೇಲೆಯೇ ಅಚ್ಚಾದ ಸಾಲುಗಳನ್ನೂ, ಸಾಲಿನ ಕೊನೆಯಲ್ಲಿ ತುಂಡಾದ ಪದಗಳನ್ನೂ ಕಂಡರೆ ಮುಂದೆ ನೋಡುವುದಿಲ್ಲ.

ಕೊನೆಯ ಪರೀಕ್ಷೆ ಮಗುವಿನದು. ಒಂದು ಪುಟ ಓದಿಸುತ್ತೇನೆ, ತಿದ್ದದೆ ಕೇಳುತ್ತೇನೆ. ನಾಲ್ಕೈದು ಕಡೆ ನಿಂತರೆ ಅದು ನಾನು ಓದಿ ಹೇಳಬೇಕಾದ ಪುಸ್ತಕ. ಅಂಥವಕ್ಕೆ ಬೇರೆ ಬುಟ್ಟಿ ಇದೆ, ಆ ಬುಟ್ಟಿಯೂ ಖಾಲಿ ಇರಬಾರದು.

ಬೆಂಗಳೂರು-ಮೈಸೂರಿನ ಕಡೆಯ ಪುಸ್ತಕಗಳಲ್ಲಿ ‘ಕಡಲೆಕಾಯಿ’ ಬರುತ್ತದೆ, ನಮ್ಮ ಮಕ್ಕಳ ಬಾಯಲ್ಲಿ ಅದು ‘ಶೇಂಗಾ’. ಮೊದಮೊದಲು ಇಂಥ ಪುಸ್ತಕಗಳನ್ನೂ ಬಿಡುತ್ತಿದ್ದೆ, ಈಗ ಆ ಪದದ ಪಕ್ಕದಲ್ಲಿ ಪೆನ್ಸಿಲಿನಿಂದ ನಮ್ಮ ಪದವನ್ನು ಬರೆದಿಡುತ್ತೇನೆ. ಎರಡನ್ನೂ ಓದಿದ ಮಕ್ಕಳು ಬೇರೆ ಪದಗಳಿಗೂ ಹಾಗೆ ಬರೆಯಿರಿ ಎಂದು ಕೇಳತೊಡಗಿದರು.

ಪುಟಕ್ಕೊಂದು ಸಾಲಿನ ಪುಸ್ತಕ ಮುಗಿಸಿದ ಮಗುವಿಗೆ ಎರಡು-ಮೂರು ಸಾಲಿನ ಒಳ್ಳೆಯ ಪುಸ್ತಕಗಳು ನನಗೆ ಇಂದಿಗೂ ಬೇಕಾದಷ್ಟು ಸಿಕ್ಕಿಲ್ಲ. ಆ ಕೊರತೆಗೆ ದೊಡ್ಡ ಹಾಳೆಯನ್ನು ಮೂರು ಸಲ ಮಡಚಿ, ಕತ್ತರಿಸಿ, ಹೊಲಿದು, ಮಕ್ಕಳು ಹೇಳಿದ್ದನ್ನೇ ಬರೆದು ಪುಸ್ತಕ ಮಾಡುತ್ತಿದ್ದೇವೆ. ಒಬ್ಬ ಹುಡುಗಿ ‘ನಮ್ಮ ಎಮ್ಮಿ ಈದೈತಿ’ ಎಂದಳು. ಎಡಪುಟದಲ್ಲಿ ಅದನ್ನು ಅವಳು ಹೇಳಿದಂತೆಯೇ ಬರೆದೆ, ಬಲಪುಟದಲ್ಲಿ ‘ನಮ್ಮ ಎಮ್ಮೆ ಕರು ಹಾಕಿತು’ ಎಂದು ಬರೆದೆ. ಅವಳು ಎಡಪುಟವನ್ನು ಒಂದೇ ಉಸಿರಿಗೆ ಓದಿ, ಬಲಪುಟದ ‘ಎಮ್ಮೆ’ಯ ಮೇಲೆ ಬೆರಳಿಟ್ಟು, ‘ಇದೂ ನಮ್ಮ ಎಮ್ಮೀನ’ ಎಂದು ಪಕ್ಕದಲ್ಲಿದ್ದವನಿಗೆ ತೋರಿಸಿದಳು.