2.5 ಲಕ್ಷದೊಳಗೆ ಒಂದು ಸೆಕೆಂಡ್ ಹ್ಯಾಂಡ್ ಕಾರು: ನಾನು ಹುಡುಕಿದ ರೀತಿ

ಕೈಯಲ್ಲಿದ್ದದ್ದು 2.5 ಲಕ್ಷ ರೂಪಾಯಿ. ಸಾಲ ಮಾಡೋದು ಬೇಡ ಅಂತ ಮನೆಯಲ್ಲಿ ಮೊದಲೇ ತೀರ್ಮಾನವಾಗಿತ್ತು. ಅದರಲ್ಲೂ 40,000 ಪಕ್ಕಕ್ಕಿಟ್ಟೆ. ಹಳೇ ಗಾಡಿ ಅಂದಮೇಲೆ ಬ್ಯಾಟರಿ, ಟೈರ್, ಇನ್ಶೂರೆನ್ಸ್ ಅಂತ ಖರ್ಚು ಬಂದೇ ಬರುತ್ತದೆ.

ಈ ದುಡ್ಡಿಗೆ ತುಮಕೂರಿನಲ್ಲಿ ಡೀಸೆಲ್ ಗಾಡಿಗಳೂ ಸಿಗುತ್ತವೆ. ನಾನು ಆ ಕಡೆ ತಲೆ ಹಾಕಲಿಲ್ಲ. ಹಳೇ ಡೀಸೆಲ್‌ನಲ್ಲಿ ಟರ್ಬೊ, ಇಂಜೆಕ್ಟರ್ ಕೈಕೊಟ್ಟರೆ ಒಂದೇ ಬಿಲ್ಲಿಗೆ ಉಳಿಸಿದ್ದೆಲ್ಲ ಹೋಗುತ್ತದೆ. ನಮ್ಮ ಓಡಾಟ ಬಟವಾಡಿಯಿಂದ ಪೇಟೆಗೆ, ಆಗಾಗ ಶಿರಾ ಹತ್ತಿರದ ಊರಿಗೆ. ಅದಕ್ಕೆ ಡೀಸೆಲ್ ಯಾಕೆ? ಪೆಟ್ರೋಲ್ ಆಲ್ಟೊ ಕೆ10, ವ್ಯಾಗನ್ ಆರ್, ಐ10 ಇಷ್ಟೇ ನೋಡೋಣ ಅಂದುಕೊಂಡೆ. ಇವುಗಳ ಪಾರ್ಟ್ಸ್ ಎಲ್ಲಾದರೂ ಸಿಗುತ್ತವೆ, ಕೆಲಸ ಗೊತ್ತಿಲ್ಲದ ಮೆಕ್ಯಾನಿಕ್ ಇಲ್ಲ.

ಗಾಡಿ ನೋಡೋಕೆ ಹೋಗುವ ಮೊದಲು ಫೋನಿನಲ್ಲೇ ನಂಬರ್ ಕೇಳುತ್ತಿದ್ದೆ. ಸರ್ಕಾರದ ಎಂಪರಿವಾಹನ್ ಆ್ಯಪ್‌ಗೆ ನಂಬರ್ ಹಾಕಿದರೆ ಯಾವಾಗ ರಿಜಿಸ್ಟರ್ ಆಗಿದ್ದು, ಆರ್‌ಸಿ ಎಲ್ಲಿಯವರೆಗೆ ಇದೆ, ಇನ್ಶೂರೆನ್ಸ್ ನಡೆಯುತ್ತಿದೆಯಾ ಎಲ್ಲ ಗೊತ್ತಾಗುತ್ತದೆ. ಸ್ವಂತ ಬಳಕೆಯ ಕಾರಿನ ಆರ್‌ಸಿ 15 ವರ್ಷ ಅಷ್ಟೇ, ಆಮೇಲೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸಿ 5 ವರ್ಷಕ್ಕೆ ರಿನ್ಯೂವಲ್. ಬ್ಯಾಂಕ್ ಲೋನ್ ಇದ್ದರೆ ಎಚ್‌ಪಿ (ಗಾಡಿ ಬ್ಯಾಂಕಿಗೆ ಅಡವಿದೆ) ಅಂತ ಆರ್‌ಸಿಯಲ್ಲೇ ಇರುತ್ತದೆ. ಲೋನ್ ತೀರಿದರೂ ಎಷ್ಟೋ ಜನ ಅದನ್ನು ತೆಗೆಸಿರುವುದಿಲ್ಲ. ಸಾಲ ತೀರಿದೆ ಅನ್ನುವ ಬ್ಯಾಂಕಿನ ಎನ್‌ಒಸಿ, ಎಚ್‌ಪಿ ತೆಗೆಸುವ ಫಾರಂ 35 ಕಣ್ಣಿಗೆ ಕಾಣದೆ ನಾನು ಅಡ್ವಾನ್ಸ್ ಮಾತೇ ಎತ್ತುತ್ತಿರಲಿಲ್ಲ. ಪಾವಗಡ ಕಡೆಯಿಂದ ಆಂಧ್ರ ನಂಬರಿನ ಗಾಡಿಯೂ ಬಂತು, ರೇಟು ಕಡಿಮೆ. ಆದರೆ ಇಲ್ಲಿಯ ನಂಬರ್ ಮಾಡಿಸಲು ಲೈಫ್‌ಟೈಮ್ ಟ್ಯಾಕ್ಸ್ ಇಲ್ಲೂ ಕಟ್ಟಬೇಕು. ಲೆಕ್ಕ ಹಾಕಿದರೆ ಉಳಿತಾಯ ಏನೂ ಇಲ್ಲ.

ಇನ್ನು ನಾನು ಹಟ ಹಿಡಿದ ವಿಷಯ ಒಂದೇ. "ನಾನು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ ಸಾರ್." ತಣ್ಣಗಿರುವ ಇಂಜಿನ್ ಸುಳ್ಳು ಹೇಳುವುದಿಲ್ಲ. ರಿಂಗ್ ರೋಡ್ ಹತ್ತಿರ ಒಬ್ಬರ ಬಳಿ ಹೋದಾಗ ಬಾನೆಟ್ ಮುಟ್ಟಿದರೆ ಬೆಚ್ಚಗಿತ್ತು. "ಸುಮ್ನೆ ಜಾಗ ಬದಲಾಯಿಸಿದ್ದು ಸಾರ್" ಅಂದರು. ಜೊತೆಗೆ ಬಂದಿದ್ದ ನಮ್ಮ ಮೆಕ್ಯಾನಿಕ್ ಅಣ್ಣ ಏನೂ ಮಾತಾಡದೆ ಸ್ವಲ್ಪ ದೂರ ಹೋಗಿ ಟೀ ಕುಡಿಯುತ್ತಾ ಕೂತ. ಪೂರ್ತಿ ಆರಿದ ಮೇಲೆ ಸ್ಟಾರ್ಟ್ ಮಾಡಿಸಿ, ಆಕ್ಸಿಲರೇಟರ್ ಒತ್ತಿಸಿದ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂತು. ಅಂದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ. ಅಲ್ಲಿಗೆ ಆ ಗಾಡಿ ಮುಗೀತು.

ಇನ್ನೊಂದು ಐ10, ಬೆಂಗಳೂರು ನಂಬರ್, ಒಳಗೆ ಹೊಸದರಂತೆ ಹೊಳೆಯುತ್ತಿತ್ತು. ಮೆಕ್ಯಾನಿಕ್ ಅಣ್ಣ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದ. ಮಾಮೂಲಿಯಾಗಿ ಸುರುಳಿ ಬಿಚ್ಚದ ಕೊನೆಯ ಒಂದು ಮೊಳದಲ್ಲಿ ಕೆಸರಿನ ಕಂದು ಗೆರೆ. ಸೀಟಿನ ಕೆಳಗೆ ಕೈ ಹಾಕಿದರೆ ರೈಲ್ ಪೂರ್ತಿ ತುಕ್ಕು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಬೇಸ್‌ಮೆಂಟ್‌ಗಳಲ್ಲಿ ಎಷ್ಟು ಕಾರು ಮುಳುಗಿದ್ದವು ಅಂತ ನೆನಪಿದೆ ಅಲ್ವಾ? ಇದು ಆಗಿನದೋ ಬೇರೆ ಮಳೆಯದೋ, ನೀರು ಕುಡಿದ ಗಾಡಿಯಲ್ಲಿ ವೈರಿಂಗ್ ಯಾವತ್ತು ಕೈಕೊಡುತ್ತದೆ ಅಂತ ಹೇಳೋಕಾಗಲ್ಲ. ಬೆಂಗಳೂರು ಗಾಡಿಗಳು ಇಲ್ಲಿಗೆ ಬರುವುದು ಜಾಸ್ತಿ, ಹಾಗಾಗಿ ಸೀಟ್ ಬೆಲ್ಟ್ ಎಳೆದು ನೋಡಿ. ಪುಕ್ಕಟೆ ಪರೀಕ್ಷೆ.

ಕೊನೆಗೆ ಸಿಕ್ಕಿದ್ದು 2014ರ ವ್ಯಾಗನ್ ಆರ್. ಕೆಎ 06 ನಂಬರ್, ಸಿಂಗಲ್ ಓನರ್, ಎಸ್‌ಐಟಿ ಬಡಾವಣೆಯ ರಿಟೈರ್ಡ್ ಮೇಷ್ಟ್ರದ್ದು. ಇದೇ ರೇಟಿಗೆ 2016ರದ್ದೂ ಇತ್ತು, ಆದರೆ ಮೂರನೇ ಓನರ್, ಒಂದು ಸರ್ವಿಸ್ ಬಿಲ್ಲೂ ಇಲ್ಲ. ಮೇಷ್ಟ್ರ ಹತ್ತಿರ ಬಿಲ್ಲುಗಳ ಒಂದು ಫೈಲೇ ಇತ್ತು. ಮೀಟರ್ ತಿರುಗಿಸಿದ್ದರೆ ಬಿಲ್ಲಿನ ಕಿಲೋಮೀಟರ್ ನೋಡಿದರೆ ಸಿಕ್ಕಿಬೀಳುತ್ತದೆ. ಬಂಪರ್ ಗೀಚಿತ್ತು. ನನಗೆ ಅದೇ ಸಮಾಧಾನ, ಆಕ್ಸಿಡೆಂಟ್ ಮುಚ್ಚಿಡುವವರು ಬಂಪರ್ ಹಾಗೆ ಬಿಡುತ್ತಾರಾ? ಆದರೂ ಬಾನೆಟ್ ಬೋಲ್ಟುಗಳ ಮೇಲೆ ಸ್ಪ್ಯಾನರ್ ಗುರುತು ಇದೆಯಾ, ಏಪ್ರನ್ (ಬಾನೆಟ್ ಒಳಗಿನ ಪಕ್ಕದ ತಗಡು) ವೆಲ್ಡಿಂಗ್ ಆಗಿದೆಯಾ ಅಂತ ನೋಡಿದೆವು. ಟೈರ್ ಮೇಲೆ 3518 ಅಂತಿತ್ತು, 2018ರ 35ನೇ ವಾರದ್ದು. ಹೆಚ್ಚು ಸವೆಯದಿದ್ದರೂ ರಬ್ಬರ್ ಹಳೇದು.

ಟೆಸ್ಟ್ ಡ್ರೈವ್‌ಗೆ ಬಿ.ಎಚ್. ರಸ್ತೆ ಸಾಲದು. ಮೇಷ್ಟ್ರನ್ನೂ ಕೂರಿಸಿಕೊಂಡು ದೇವರಾಯನದುರ್ಗದ ಏರು ಹತ್ತಿಸಿದೆ. ಇಂಜಿನ್ ಕೂಗುತ್ತಿತ್ತು, ಗಾಡಿ ಅದಕ್ಕೆ ತಕ್ಕಂತೆ ಎಳೆಯಲಿಲ್ಲ. ಕ್ಲಚ್ ಪ್ಲೇಟ್ ಸವೆದಿದೆ. ಇಂಜಿನ್ ಮಾತ್ರ ಹೀಟ್ ಆಗಲಿಲ್ಲ. ಇಳಿಯುವಾಗ ಬ್ರೇಕ್ ಒಂದು ಕಡೆಗೆ ಎಳೆಯಲಿಲ್ಲ. ಕ್ಲಚ್ ಮತ್ತು ಟೈರ್ ಹೆಸರಲ್ಲಿ ಚೌಕಾಸಿ ಮಾಡಿದೆ, 2.25 ಲಕ್ಷ ಅಂದಿದ್ದವರು 2.05ಕ್ಕೆ ಒಪ್ಪಿದರು.

ದುಡ್ಡು ಕೊಟ್ಟ ದಿನವೇ ಗಾಡಿ ನಮ್ಮ ಹೆಸರಿಗೆ ಮಾಡಿಸುವ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡೆ. ಬಾಕಿ ದಂಡ ಇದೆಯಾ ಅಂತ ಮೊದಲೇ ನೋಡಿದ್ದೆ. ಇನ್ಶೂರೆನ್ಸ್ 14 ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಬೇಕು. ಮೇಷ್ಟ್ರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದೆ ಇದ್ದದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಅವರ ಹತ್ತಿರವೇ ಉಳಿಯುತ್ತದೆ, ಹಾಗಾಗಿ ಕಂಪನಿಗೆ ಸ್ವಲ್ಪ ಜಾಸ್ತಿ ಕಟ್ಟಿದೆ. ಪಕ್ಕಕ್ಕಿಟ್ಟ ದುಡ್ಡಿನಲ್ಲಿ ಮೊದಲು ಕ್ಲಚ್, ಇಂಜಿನ್ ಆಯಿಲ್, ಕೂಲಂಟ್ ಆಯಿತು, ಆಮೇಲೆ ಮುಂದಿನ ಎರಡು ಟೈರ್. ಬಂಪರ್ ಹಾಗೇ ಇದೆ.